ಗಂಗಕ್ಕನ ಜೊತೆ ಬೀಜ ತರಲು ಹೋದ ಮುಂಗಾರು

ಮೊನ್ನೆ ನನ್ನ ಮಗಳ ಮೈದುನ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಹೊಸ ಮಿಷನ್ ಹಾಕಿದ್ದೀನಿ, ಪೂಜೆಗೆ ಬರ್ರಿ ಅಂತ ಕರೆದಿದ್ದ. ಕೋಳಿಗೂ ದನಕ್ಕೂ ತಿಂಡಿ ಮಾಡುವ ಸಣ್ಣ ಕಾರ್ಖಾನೆ ಅವನದು. ಮಂಗಳಾರತಿ ಮುಗಿದು ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದಾಗ ನಾನು ಕೈ ತೊಳೆಯಲು ಹಿಂದಿನ ಶೆಡ್ಡಿನ ಕಡೆ ಹೋದೆ. ಅಲ್ಲಿ ತಗಡಿನ ಸಂದಿಯಿಂದ ಮಳೆನೀರು ಸೋರಿ ಮೆಕ್ಕೆಜೋಳದ ಒಂದಷ್ಟು ಚೀಲ ನೆಂದಿದ್ದವು. ಹಮಾಲಿಯೊಬ್ಬ ಒಂದು ಚೀಲದ ಬಾಯಿ ಬಿಚ್ಚಿದ. ಬೆಚ್ಚನೆಯ ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು. ನಲ್ಲಿ ತಿರುಗಿಸುವುದನ್ನೂ ಮರೆತು ನಿಂತುಬಿಟ್ಟೆ. ಮಗಳು ಬಂದು, "ಯಾಕವ್ವ, ತಲೆ ಸುತ್ತಿತಾ?" ಅಂದಳು. ಇಲ್ಲ ಅಂದೆ. ಆ ವಾಸನೆಯ ಜೊತೆಗೆ ಗಂಗಕ್ಕ ಬಂದು ನನ್ನ ಪಕ್ಕದಲ್ಲಿ ನಿಂತಹಾಗಾಗಿತ್ತು.

ಗಂಗಕ್ಕ ಅಂದರೆ ನನ್ನ ಗಂಡನ ಅಣ್ಣ ಹಾಲಪ್ಪ ಭಾವನ ಹೆಂಡತಿ, ನನ್ನ ನೆಗೆಣ್ಣಿ. ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ. ಅಪ್ಪ ಒಂದು ದಲಾಲಿ ಮಂಡಿಯಲ್ಲಿ ಕಾಳು ತೂಗುತ್ತಿದ್ದರು. ಕಾಳನ್ನು ಚೀಲದಲ್ಲಿ, ರಾಶಿಯಲ್ಲಿ ಕಂಡಿದ್ದೆನೇ ಹೊರತು ಹೊಲದಲ್ಲಿ ಕಂಡವಳಲ್ಲ. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನನ್ನು ಹರಿಹರದ ಹತ್ತಿರದ ಸಾರಥಿಗೆ ಕೊಟ್ಟರು. ಅತ್ತೆ, ಭಾವ, ಗಂಗಕ್ಕ, ನಮ್ಮ ಮನೆಯವರು, ನಾನು. ಮೊದಲ ದಿನ ಹೊಲಕ್ಕೆ ಬುತ್ತಿ ಹೊತ್ತುಕೊಂಡು ಹೋದಾಗ ಸಜ್ಜೆ ಯಾವುದು ಜೋಳ ಯಾವುದು ನನಗೆ ತಿಳಿಯಲಿಲ್ಲ. ಆಳುಗಳು ನಕ್ಕರು. ಗಂಗಕ್ಕ ಸೊಂಟದ ಮೇಲೆ ಕೈಯಿಟ್ಟು, "ಪ್ಯಾಟೆ ಹುಡುಗಿ ಅದು. ನಿಮ್ಮನ್ನ ಮಂಡಿಪೇಟೆಯಾಗೆ ಬಿಟ್ರೆ ಮನಿ ದಾರಿ ಸಿಗತೈತಾ?" ಅಂದಳು. ನಗು ನಿಂತಿತು. ಅವತ್ತಿನಿಂದ ನಾನು ಅವಳ ಸೆರಗು ಬಿಡಲಿಲ್ಲ.

ಎತ್ತರದ ಆಳು. ಗಟ್ಟಿ ದನಿ. ಅತ್ತೆಯ ಎದುರಿಗೂ ಬಾಯಿ ಬಿಟ್ಟು ನಗುತ್ತಿದ್ದಳು. ರೊಟ್ಟಿ ಬಡಿಯುವಾಗ ನನ್ನನ್ನು ಎದುರಿಗೆ ಕೂರಿಸಿಕೊಂಡು ಪೇಟೆಯ ಸುದ್ದಿ ಕೇಳುತ್ತಿದ್ದಳು. ಟಾಕೀಸಿನೊಳಗೆ ದೀಪ ಆರಿಸಿದರೆ ಹೆಣ್ಣುಮಕ್ಕಳಿಗೆ ಹೆದರಿಕೆ ಆಗಲ್ವಾ, ಮಿಲ್ಲಿನ ಸೈರನ್ನು ಹೊಡೆಯೋದು ಮನುಷ್ಯನಾ ಮಿಷನ್ನಾ, ಹೀಗೆ ಮುಗಿಯದ ಪ್ರಶ್ನೆಗಳು. ಅವಳ ತಂಗಿ ನೀಲಮ್ಮನನ್ನು ದಾವಣಗೆರೆಯ ಆಚೆ, ಆನಗೋಡಿನ ಕಡೆಯ ಒಂದು ಸಣ್ಣ ಹಳ್ಳಿಗೆ ಕೊಟ್ಟಿದ್ದರು. ನಾನು ಬಂದ ಮರುವರ್ಷ ನೀಲಮ್ಮನ ಗಂಡ ವಿಷಮಶೀತ ಜ್ವರದಲ್ಲಿ ತೀರಿಕೊಂಡ. ಕೈಯಲ್ಲಿ ಒಂದು ಹೆಣ್ಣುಕೂಸು, ಪಾಲಿಗೆ ಬಂದ ಒಂದು ತುಂಡು ಎರೆಹೊಲ. ಗಂಡನ ಅಣ್ಣ, "ಹೆಂಗಸು ಏನು ಬೆಳೀತಾಳೆ, ನಾನೇ ಉಳ್ತೀನಿ" ಅಂತ ಹೊಲ ಕೇಳುತ್ತಿದ್ದ. ಒಮ್ಮೆ ಅವನ ಕೈಗೆ ಹೋದರೆ ತಿರುಗಿ ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಊರಿನ ಹಿರಿಯರು ಕೂತು, "ಬರೋ ಮುಂಗಾರಿಗೆ ಆಕಿ ತಾನೇ ಬಿತ್ತಿ ಬೆಳಕೊಳ್ಳಲಿ. ಬೆಳೆ ಬಂದ್ರೆ ಹೊಲ ಆಕಿದೇ. ಆಗದಿದ್ರೆ ಭಾವ ನೋಡಿಕೊಳ್ಳಲಿ" ಅಂದಿದ್ದರು.

ಆಗ ನಮ್ಮ ಕಡೆ ಮೆಕ್ಕೆಜೋಳವನ್ನು ಯಾರೂ ಹೊಲದ ತುಂಬ ಬೆಳೆಯುತ್ತಿರಲಿಲ್ಲ. ಸುಟ್ಟು ತಿನ್ನಲೆಂದು ಬದುವಿನಲ್ಲಿ ನಾಕು ಗಿಡ ಹಾಕಿದರೆ ಅದೇ ಹೆಚ್ಚು. ಗ್ರಾಮಸೇವಕರಾಗಿ ಬಂದಿದ್ದ ಮಲ್ಲೇಶಪ್ಪನವರು ಸೈಕಲ್ಲಿನಲ್ಲಿ ಹೊಸ ತಳಿಯ ಬೀಜದ ಚೀಲ ಇಟ್ಟುಕೊಂಡು ಮನೆಮನೆ ತಿರುಗಿದರು. ಊರಲ್ಲಿ ಮೊದಲು ಹೂಂ ಅಂದವನು ಹಾಲಪ್ಪ ಭಾವ. ಆ ವರ್ಷ ಹೊಳೆದಂಡೆಯ ಹೊಲದಲ್ಲಿ ಮೆಕ್ಕೆಜೋಳ ಆಳೆತ್ತರಕ್ಕೆ ನಿಂತಿತು. ಹರಿಹರದ ಸಂತೆಗೆ ಹೋಗುವವರು ಬಂಡಿ ನಿಲ್ಲಿಸಿ ನೋಡುತ್ತಿದ್ದರು. ಭಾವ ಆಗ ಬೇಕಂತಲೇ ರಸ್ತೆ ಪಕ್ಕ ಕೂತು ಬೀಡಿ ಹಚ್ಚುತ್ತಿದ್ದ.

ಆದರೆ ತೆನೆ ಮುರಿಯುವ ಹೊತ್ತಿಗೆ ಸ್ವಾತಿ ಮಳೆ ಹಿಡಿಯಿತು. ಬಿಟ್ಟು ಬಿಟ್ಟು ಸುರಿಯಿತು. ತೆನೆಗಳು ಗಿಡದಲ್ಲೇ ನೆಂದವು. ಮುರಿದು ತಂದು ಕಣದಲ್ಲಿ ಒಟ್ಟಿದರೆ ಅಲ್ಲೂ ನೆಂದವು. ರಾಶಿಯೊಳಗೆ ಕೈಹಾಕಿದರೆ ಜ್ವರ ಬಂದ ಮೈ ಮುಟ್ಟಿದಂತೆ ಬಿಸಿ. ಒಂದೆರಡು ದಿನ ಬಿಸಿಲು ಬಂದದ್ದೇ ತಡ, ಭಾವ ಅವಸರದಲ್ಲಿ ಕಾಳು ಬಿಡಿಸಿ ಅಂಗಳದ ಹಗೇವಿಗೆ ಸುರಿಸಿದ. ಹಗೇವು ಅಂದರೆ ನೆಲದೊಳಗೆ ತೋಡಿದ ಕಾಳಿನ ಗುಂಡಿ. ಅದರಲ್ಲಿ ಜೋಳ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಅತ್ತೆ ಮಾತ್ರ, "ಇನ್ನಾ ಹಸಿ ಐತಲ್ಲೋ ಹಾಲಪ್ಪ" ಅಂದರು. "ಒಳಗ ಒಣಗತೈತಿ ಬಿಡವ್ವ" ಅಂತ ಭಾವ ಬಾಯಿ ಮುಚ್ಚಿಸಿದ. ಅತ್ತೆ ಒಂದು ಗೊಂಚಲು ತೆನೆಯನ್ನು ಮಾತ್ರ ಸಿಪ್ಪೆಸಮೇತ ಜಡೆ ಹೆಣೆದಹಾಗೆ ಹೆಣೆದು, ಒಲೆಯ ಮೇಲಿನ ತೊಲೆಗೆ ತೂಗುಹಾಕಿದರು.

ಯುಗಾದಿ ಕಳೆದ ಮೇಲೆ ಹಗೇವು ತೆರೆದರು. ಮುಚ್ಚಳದ ಕಲ್ಲು ಸರಿಸಿ, ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಟ್ಟರೆ ದೀಪ ಪಕ್ಕನೆ ಆರಿತು. ಒಳಗಿನ ಗಾಳಿ ಕೆಟ್ಟಿದೆ, ಯಾರೂ ಇಳಿಯಬೇಡಿ ಅಂತ ಸಂಜೆಯವರೆಗೆ ಹಾಗೇ ಬಿಟ್ಟರು. ಆಗಲೇ ನನಗೆ ಆ ವಾಸನೆಯ ಪರಿಚಯವಾದದ್ದು. ಕಾಳನ್ನು ಮೇಲೆತ್ತಿ ಬಿಸಿಲಿಗೆ ಹರಡಿದೆವು. ತಳದಲ್ಲಿದ್ದದ್ದು ಹಸಿರು ಕಪ್ಪಾಗಿ ಗಂಟುಗಟ್ಟಿತ್ತು, ಅದನ್ನು ತಿಪ್ಪೆಗೆ ಹಾಕಿದೆವು. ಮೇಲಿನದು ನೋಡಲು ಚೆನ್ನಾಗೇ ಇತ್ತು, ಹಳದಿ, ಹೊಳಪು. ಬಿಸಿಲಿಗೆ ವಾಸನೆಯೂ ಹೋಯಿತು. ಅದೇ ವಾರ ನೀಲಮ್ಮ ಕೂಸನ್ನು ಕಟ್ಟಿಕೊಂಡು ಬಂದಳು. ಗಂಗಕ್ಕ ತಾನೇ ಮೊರ ಹಿಡಿದು, ಕೇರಿ, ದಪ್ಪ ದಪ್ಪ ಕಾಳು ಆರಿಸಿ ತಂಗಿಯ ಚೀಲ ತುಂಬಿದಳು. "ಇದನ್ನ ಬಿತ್ತು. ನಿಮ್ಮ ಭಾವ ಬಂದು ನಿಂತು ನೋಡ್ಬೇಕು" ಅಂದಳು. ನೀಲಮ್ಮ ಆ ಚೀಲವನ್ನು ಕೂಸಿನಷ್ಟೇ ಜೋಪಾನವಾಗಿ ಎತ್ತಿಕೊಂಡು ಬಂಡಿ ಹತ್ತಿದ್ದು ಕಣ್ಣಿಗೆ ಕಟ್ಟಿದಹಾಗಿದೆ.

ಮಲ್ಲೇಶಪ್ಪನವರು ಬಂದದ್ದು ಆಮೇಲೆ. ಒಂದು ಕಾಳನ್ನು ಅಂಗೈಯಲ್ಲಿಟ್ಟು ಅದರ ಚೂಪುತುದಿಯನ್ನು ಉಗುರಿನಿಂದ ಎಬ್ಬಿಸಿದರು. ಅಲ್ಲಿ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಎಳೆ ಗುಲಾಬಿ ಬಣ್ಣ. ಒಂದು ಹಳೇ ಗೋಣಿತಟ್ಟು ತರಿಸಿ, ನೆನೆಸಿ, ಕಾಳನ್ನು ಸಾಲಾಗಿ ಇಟ್ಟು ಸುರುಳಿ ಸುತ್ತಿ, "ಅಮ್ಮಾರೇ, ದಿನಾ ನೀರು ಚಿಮುಕಿಸ್ರಿ" ಅಂತ ಗಂಗಕ್ಕನಿಗೂ ನನಗೂ ಹೇಳಿ ಹೋದರು. ಬಿಚ್ಚಿ ನೋಡಿದಾಗ ಮುಕ್ಕಾಲು ಪಾಲು ಮೊಳೆತಿತ್ತು. ಭಾವ ತೊಡೆ ತಟ್ಟಿದ. ನಾವೂ ನಕ್ಕೆವು. ಮಲ್ಲೇಶಪ್ಪನವರು ಮಾತ್ರ ಮೊಳಕೆಯನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದರು. ಕೆಲವದರ ಬೇರು ತುದಿಯಲ್ಲಿ ಕಂದಿತ್ತು. ಕೆಲವದರ ಬುಡಕ್ಕೆ ಅರಳೆಯಂಥ ಬಿಳಿ ಎಳೆ ಹತ್ತಿತ್ತು.

"ಮೊಳಕೆ ಬಂದೈತೆ ಹಾಲಪ್ಪ. ಕಸುವು ಐತಾ ಇಲ್ವಾ ಅನ್ನೋದು ಬಟ್ಟೇಲಿ ಗೊತ್ತಾಗಲ್ಲ. ಮಣ್ಣು ಒತ್ತುತ್ತಲ್ಲ, ಅದನ್ನ ಎತ್ತಿಕೊಂಡು ಮೇಲೆ ಬರಬೇಕು," ಅಂದರು.

ಎರಡು ಒಡಕು ಮಡಕೆಗೆ ಹೊಲದ ಮಣ್ಣು ತುಂಬಿದೆವು. ಒಂದಕ್ಕೆ ಹಗೇವಿನ ಕಾಳು. ಇನ್ನೊಂದಕ್ಕೆ ಅತ್ತೆ ಒಲೆಯ ಮೇಲೆ ತೂಗುಹಾಕಿದ್ದ ತೆನೆಯ ಕಾಳು. ಗಂಗಕ್ಕ ಬೆಳಿಗ್ಗೆ ಎದ್ದವಳೇ ಮುಖ ತೊಳೆಯುವ ಮೊದಲು ಮಡಕೆ ನೋಡುತ್ತಿದ್ದಳು. ಅತ್ತೆಯ ಕಾಳು ಒಂದು ಮುಂಜಾನೆ ಒಟ್ಟಿಗೇ ಸೂಜಿಗಳಂತೆ ಎದ್ದು ನಿಂತವು. ಹಗೇವಿನ ಮಡಕೆಯಲ್ಲಿ ಅಲ್ಲೊಂದು ಇಲ್ಲೊಂದು ಬಂತು. ಬಂದದ್ದೂ ಬಾಗಿ, ಹಳದಿಯಾಗಿ, ಎಲೆ ಬಿಚ್ಚಲಾರದೆ ನಿಂತಿತು. ಗಂಗಕ್ಕ ಕಡ್ಡಿಯಿಂದ ಕೆದಕಿದಳು. ಮಣ್ಣಿನೊಳಗೆ ಮೊಳಕೆ ಸುರುಳಿ ಸುತ್ತಿಕೊಂಡು ಅಲ್ಲೇ ಕೊಳೆತಿತ್ತು. ಕಾಳು ಹಿಚುಕಿದರೆ ಗಂಜಿ.

"ಏನಾದ್ರೂ ಔಷಧ ಐತೇನ್ರಿ?" ಅಂತ ಮಲ್ಲೇಶಪ್ಪನವರನ್ನು ಕೇಳಿದಳು.

"ಪುಡಿ ಐತಮ್ಮ. ಕಾಳಿನ ಮೈಮೇಲಿನ ಬೂಷ್ಟು, ಮಣ್ಣಿನ ಬೂಷ್ಟು ಅದಕ್ಕೆ ಹೋಗುತ್ತೆ. ಇದು ತೆನೇಲಿದ್ದಾಗಲೇ ಒಳಗೆ ಹೊಕ್ಕೈತೆ, ಹಗೇವಿನ ಬೆವರಿಗೆ ಬೆಳೆದೈತೆ. ಜೀವ ಇರೋ ಜಾಗಾನೇ ತಿಂದುಬಿಟ್ಟೈತೆ." ಆಮೇಲೆ ಭಾವನ ಕಡೆ ತಿರುಗಿ ಮೆತ್ತಗೆ, "ಒಣಗಿಸೋದ್ರ ಬಗ್ಗೆ ನಾನೂ ಇನ್ನಷ್ಟು ಒತ್ತಿ ಹೇಳಬೇಕಿತ್ತು" ಅಂದರು.

ನಮ್ಮದೇನು, ಮೆಕ್ಕೆಜೋಳ ಬಿಟ್ಟು ಎಂದಿನಂತೆ ಜೋಳ ಬಿತ್ತಬಹುದಿತ್ತು. ಗಂಗಕ್ಕ ಮಾತ್ರ ಮಡಕೆಯ ಮುಂದೆ ಕೂತವಳು ಏಳಲೇ ಇಲ್ಲ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. "ನೀಲಿ ಬಿತ್ತಿಬಿಡ್ತಾಳೆ" ಅಂದಳು. ಅಷ್ಟೇ. ಭಾವ ತಲೆ ತಗ್ಗಿಸಿಕೊಂಡು ಕೊಟ್ಟಿಗೆಗೆ ಹೋದ. ಮಲ್ಲೇಶಪ್ಪನವರ ಹತ್ತಿರ ಬೀಜ ಉಳಿದಿರಲಿಲ್ಲ, ಅತ್ತೆಯ ಒಂದು ಗೊಂಚಲು ಯಾವ ಹೊಲಕ್ಕೂ ಸಾಲುತ್ತಿರಲಿಲ್ಲ. ರೋಹಿಣಿ ಮಳೆ ಬಂದರೆ ಭಾವನೂ ನಮ್ಮ ಮನೆಯವರೂ ನೇಗಿಲು ಬಿಟ್ಟು ಅಲ್ಲಾಡುವ ಹಾಗಿರಲಿಲ್ಲ. ಹೆಂಗಸರು ಗಂಡಸರಿಲ್ಲದೆ ಊರು ದಾಟುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಅತ್ತೆ ಹೊಸ್ತಿಲಲ್ಲಿ ನಿಂತು ಸ್ವಲ್ಪ ಹೊತ್ತು ಆಕಾಶ ನೋಡಿದರು.

"ನೀವಿಬ್ರೇ ಹೋಗ್ರಿ, ಪ್ಯಾಟ್ಯಾಗ ಚಲೋ ಬೀಜ ಹುಡುಕಿ ನೀಲಿಗೆ ಮುಟ್ಟಿಸಿ ಬರ್ರಿ" ಅಂದರು. ನಮ್ಮ ಮನೆಯವರು ಬಾಯಿ ತೆರೆಯುವಷ್ಟರಲ್ಲಿ, "ಕಮಲಿಗೆ ದಾವಣಗೆರೆ ಗೊತ್ತು. ಗಂಗಿಗೆ ಹೊಲ ಗೊತ್ತು. ಇನ್ನೇನು ಬೇಕು?" ಅಂತ ಒಳಗೆ ಹೋಗಿ ಬುತ್ತಿಗೆ ರೊಟ್ಟಿ ಕಟ್ಟತೊಡಗಿದರು. ಅವರು ನನ್ನನ್ನು ಹೊಗಳಿದ್ದು ಜೀವಮಾನದಲ್ಲಿ ಅದೊಂದೇ ಸಲ.

ಬೆಳಗಿನ ಜಾವ ಬಂಡಿಯಲ್ಲಿ ಹರಿಹರಕ್ಕೆ, ಅಲ್ಲಿಂದ ರೈಲು. ಗಂಗಕ್ಕ ಅದುವರೆಗೆ ರೈಲು ಹತ್ತಿದವಳಲ್ಲ. ಕಿಟಕಿಯ ಸರಳು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಷ್ಟು ಚಿಂತೆಯಲ್ಲೂ, ರೈಲು ಹೊರಟ ಮೇಲೆ, ಹಿಂದಕ್ಕೆ ಓಡುವ ಬೇವಿನ ಮರಗಳನ್ನು ನೋಡಿ ಅವಳ ಮುಖ ಅರಳಿತು. "ಕಮಲಿ, ನಾವು ಹಿಂಗೇ ಹೋಗಿಬಿಡಾನಾ?" ಅಂದಳು. "ಎಲ್ಲಿಗಕ್ಕಾ?" ಅಂದೆ. "ಎಲ್ಲಿಗಾರ!" ಅಂದು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ. ಎದುರಿಗೆ ಕೂತಿದ್ದ ಮುದುಕ ನಮ್ಮನ್ನು ವಿಚಿತ್ರವಾಗಿ ನೋಡಿದ. ಅವಳ ತೋಳಿನ ಬಿಸುಪು ನನ್ನ ತೋಳಿಗೆ ತಾಗುತ್ತಿತ್ತು.

ಮಂಡಿಪೇಟೆಯಲ್ಲಿ ಆಗಲೇ ವ್ಯಾಪಾರ ಶುರುವಾಗಿತ್ತು. ಅಪ್ಪ ತಕ್ಕಡಿಯ ಮುಂದೆ ನಿಂತು, ಒಂದು ಅನ್ನುವ ಬದಲು "ಲಾಭ" ಅಂತ ಶುರುಮಾಡಿ ತೂಕ ಎಣಿಸುತ್ತಿದ್ದರು. ನಮ್ಮನ್ನು ಕಂಡು ಗಾಬರಿಯಾಗಿ ಎಣಿಕೆ ನಿಲ್ಲಿಸಿದರು. ವಿಷಯ ಹೇಳಿದೆವು. ಬಜಾರಿನಲ್ಲಿ ಹೊರಗಿನ ಊರುಗಳಿಂದ ಬಂದ ಒಂದಿಷ್ಟು ಮೆಕ್ಕೆಜೋಳ ಇತ್ತು, ಆದರೆ ಎಲ್ಲ ಅದೇ ಮಳೆಯಲ್ಲಿ ನೆಂದ ಮಾಲು. ಗಂಗಕ್ಕ ಒಂದೊಂದು ಅಂಗಡಿಯ ರಾಶಿಯಿಂದ ಕಾಳು ತೆಗೆದು, ಮೂಸಿ, ಹಲ್ಲಲ್ಲಿ ಕಚ್ಚಿ, ಒಡೆದು ನೋಡಿ ಬಿಟ್ಟುಬಂದಳು. ಅಂಗಡಿಯವನೊಬ್ಬ, "ಏನಮ್ಮಾ, ಮಾಲು ಬೇಕೋ, ಬರೀ ಮಜಾನೋ?" ಅಂದ. ಇವಳು ತಿರುಗಿಯೂ ನೋಡಲಿಲ್ಲ. ಕೊನೆಗೆ ಅಪ್ಪನಿಗೇ ನೆನಪಾಯಿತು. ಕೆರೆಕೆಳಗಿನ ಊರಿನ ಒಬ್ಬ ಮುದುಕಿ ಪ್ರತಿ ವರ್ಷ ಕಾಳು ಹುರಿದು ಮಾರುವವರಿಗೆಂದು ಒಣತೆನೆ ತರುತ್ತಿದ್ದಳಂತೆ, ಅಡಿಗೆಮನೆಯ ಹೊಗೆಯಲ್ಲಿ ಇಟ್ಟದ್ದು. ಅವಳು ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಳು, ಮುಂದೆ ಮಸಿ ಹಿಡಿದ ತೆನೆಗಳ ಗುಡ್ಡೆ. ಗಂಗಕ್ಕ ಒಂದು ಕಾಳು ಬಿಡಿಸಿ ಕಚ್ಚಿದಳು. ಕಟಕ್ ಅಂತು. ಒಳಗೆ ಬೆಳ್ಳಗಿತ್ತು, ತುದಿಯಲ್ಲಿ ಚುಕ್ಕೆ ಇಲ್ಲ. ಗುಡ್ಡೆಯನ್ನೆಲ್ಲ ಕೊಂಡೆವು. ನೀಲಮ್ಮನ ಇಡೀ ಹೊಲಕ್ಕೆ ಅದು ಸಾಲುತ್ತಿರಲಿಲ್ಲ. ಇನ್ನು ಹುಡುಕುತ್ತ ಕೂರಲು ಹೊತ್ತಿರಲಿಲ್ಲ. ಮಂಡಿಯ ತಗಡಿನ ಮೇಲೆ ದಪ್ಪ ಹನಿ ಬೀಳತೊಡಗಿತ್ತು.

ಅಪ್ಪ ಆನಗೋಡಿನ ಕಡೆ ಹೋಗುವ ಗೊತ್ತಿದ್ದವರ ಬಂಡಿ ಹತ್ತಿಸಿದರು. ದಾರಿಯುದ್ದಕ್ಕೂ ಎರಡೂ ಕಡೆ ನೆಲ ನೆಂದು ಕಪ್ಪಗಾಗಿತ್ತು. ಜನ ನೇಗಿಲು ಹೂಡಿದ್ದರು. ನೀಲಮ್ಮನ ಊರ ಹತ್ತಿರ ಬಂದಾಗ ಗಂಗಕ್ಕ ಬಂಡಿ ನಿಲ್ಲುವ ಮೊದಲೇ ಹಾರಿ, ಸೀರೆ ಎತ್ತಿಕಟ್ಟಿ ಓಡಿದಳು. ನಾನು ತೆನೆಯ ಚೀಲ ಹೊತ್ತುಕೊಂಡು ಹಿಂದೆ.

ನೀಲಮ್ಮ ಬಿತ್ತುತ್ತಿದ್ದಳು. ಹಿಂದಿನ ದಿನವೇ ಅಲ್ಲಿ ಮಳೆ ಆಗಿತ್ತು. ಬಾಡಿಗೆಯ ಎತ್ತು ಮುಂದೆ, ನೇಗಿಲ ಹಿಂದೆ ಅವಳು, ಮಡಿಲಿನಿಂದ ಒಂದೊಂದೇ ಕಾಳು ತೆಗೆದು ಸಾಲಿಗೆ ಬಿಡುತ್ತ. ಅರ್ಧ ಹೊಲ ಮುಗಿದಿತ್ತು. ಅವಳ ಭಾವ ಬದುವಿನ ಮೇಲೆ ಕೂತು ನೋಡುತ್ತಿದ್ದ. ಗಂಗಕ್ಕ ಎತ್ತಿನ ಮುಂದೆ ಹೋಗಿ ನಿಂತಳು.

"ನಿಲ್ಸು ನೀಲಿ. ಆ ಬೀಜ ಬ್ಯಾಡ."

"ಯಾಕಕ್ಕಾ?"

"ಬೂಷ್ಟು ತಿಂದೈತಿ. ಮ್ಯಾಲೆ ಬರಲ್ಲ. ಬಂದ್ರೂ ನಿಲ್ಲಲ್ಲ."

ಬದುವಿನ ಮೇಲಿದ್ದವನು ನಕ್ಕ. "ಕೊಟ್ಟಾಕೀನೂ ಅಕ್ಕ, ಬ್ಯಾಡ ಅನ್ನಾಕೀನೂ ಅಕ್ಕ. ಚಲೋ ಐತಿ ಬೇಸಾಯ" ಅಂದ.

ನೀಲಮ್ಮ ಮಡಿಲಿನ ಕಾಳು ನೋಡಿದಳು, ಬಿತ್ತಿದ ಅರ್ಧ ಹೊಲ ನೋಡಿದಳು. "ನೀನೇ ಆರಿಸಿ ಆರಿಸಿ ಕೊಟ್ಟೆಲ್ಲಕ್ಕಾ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಗಂಗಕ್ಕ ತಡೆದುಕೊಳ್ಳುತ್ತಿದ್ದಳೋ ಏನೋ. ಆಗ ಅವಳ ಕಣ್ಣು ತುಂಬಿದ್ದನ್ನು ನಾನು ಮೊದಲ ಸಲ ನೋಡಿದೆ. "ಹೂಂ, ನಾನೇ ಕೊಟ್ಟೆ. ಕಣ್ಣಿಗೆ ಚಂದ ಕಂಡಿತು, ಕೊಟ್ಟೆ. ಈಗ ನಾನೇ ಬಂದೀನಿ" ಅಂದಳು.

ನೀಲಮ್ಮ ಮಡಿಲು ಕೊಡವಿದಳು. ಕಾಳು ಬದುವಿನ ಮೇಲೆ ಚೆಲ್ಲಿತು. ಮೂವರೂ ಅಲ್ಲೇ ಕೂತು ತೆನೆ ಬಿಡಿಸಿದೆವು, ಅಂಗೈ ಕೆಂಪಾಗುವವರೆಗೆ. ಉಳಿದ ಅರ್ಧಕ್ಕೆ ಹೊಗೆ ಹಿಡಿದ ಬೀಜ ಬಿತ್ತಿ ಮುಗಿಸುವಾಗ ಹೊತ್ತು ಮುಳುಗಿತ್ತು.

ಮರುದಿನವೇ ತಿರುಗಿ ಬರಬೇಕಿತ್ತು. ಗಂಗಕ್ಕ, "ಮೊಳಕೆ ನೋಡೇ ಬರ್ತೀನಿ" ಅಂದಳು, ನಾನೂ ಉಳಿದೆ. ನೀಲಮ್ಮನದು ಒಂದೇ ಅಂಕಣದ ಮನೆ. ಗಂಡಸರಿಲ್ಲದ ಮನೆ, ಆದ್ದರಿಂದ ಯಾರೂ ನಮ್ಮನ್ನು ಕರೆಯುತ್ತಿರಲಿಲ್ಲ, ಯಾರಿಗೂ ಮೊದಲು ಬಡಿಸಬೇಕಿರಲಿಲ್ಲ. ಬಿಸಿ ರೊಟ್ಟಿ ಒಲೆಯಿಂದ ನೇರ ಕೈಗೆ. ಕೂಸು ಮೂವರ ತೊಡೆಯ ಮೇಲೂ ಉರುಳಾಡುತ್ತಿತ್ತು. ಹೊರಗೆ ಜಿಟಿಜಿಟಿ ಮಳೆ. ಗಂಗಕ್ಕ ನನ್ನ ತಲೆಗೆ ಎಣ್ಣೆ ಹಚ್ಚುತ್ತ, ತಾವು ಸಣ್ಣವರಿದ್ದಾಗ ಅಕ್ಕತಂಗಿ ಇಬ್ಬರೂ ಹುಣಸೆಮರ ಹತ್ತಿ ಇಳಿಯಲಾರದೆ ಅತ್ತ ಕಥೆ ಹೇಳಿದಳು. ನೀಲಮ್ಮ ನಡುವೆ ಬಾಯಿ ಹಾಕಿ, "ಅತ್ತದ್ದು ನೀನು, ನಾನಲ್ಲ" ಅನ್ನುತ್ತಿದ್ದಳು. ಗಂಡ ಸತ್ತ ಮೇಲೆ ಅವಳು ನಕ್ಕದ್ದು ಆವಾಗಲೇ ಅಂತ ಗಂಗಕ್ಕ ಆಮೇಲೆ ಹೇಳಿದಳು.

ಹೊಗೆಬೀಜದ ಅರ್ಧ ಹೊಲ ಗೆರೆ ಎಳೆದಂತೆ ಎದ್ದಿತು. ಇನ್ನರ್ಧ ಮಲ್ಲೇಶಪ್ಪನವರು ಹೇಳಿದಂತೆಯೇ ಆಯಿತು. ಮಾರುದ್ದಕ್ಕೆ ಒಂದು ಸಸಿ, ಅದೂ ಅರಿಸಿನ ಬಳಿದಂತೆ. ಬಿಸಿಲು ಒಂದಿಷ್ಟು ಜೋರಾದ ದಿನ ಅವೂ ಮಲಗಿದವು. ಅವಳ ಭಾವ ಬಂದು ಆ ಕಡೆಯಿಂದಲೇ ಒಂದು ಸುತ್ತು ಹಾಕಿ, "ಅರ್ಧ ಬೆಳೆಗೆ ಹಿರಿಯರು ಏನಂತಾರೆ, ನೋಡಾನು" ಅಂದು ಹೋದ. ನೀಲಮ್ಮ ಕುಸಿದು ಕೂತಳು. ಗಂಗಕ್ಕ ಅವಳನ್ನು ಸಮಾಧಾನ ಮಾಡಲೂ ಇಲ್ಲ. ಮನೆಗೆ ಹೋಗಿ ಅಡಿಗೆಗಿಟ್ಟಿದ್ದ ತೊಗರಿ, ಅಲಸಂದೆ ತಂದಳು. ಮಣ್ಣು ಇನ್ನೂ ಹಸಿಯಿತ್ತು. ಮೂವರೂ ಬಾಗಿ, ಬೆರಳಿನಿಂದ ಕುಳಿ ಮಾಡಿ, ಖಾಲಿ ಬಿದ್ದಲ್ಲೆಲ್ಲ ಊರುತ್ತ ಹೋದೆವು. ಮೂರನೆಯ ಸಾಲಿನಲ್ಲಿ ಗಂಗಕ್ಕ ಗಟ್ಟಿಯಾಗಿ ಸೋಬಾನೆ ಹಾಡತೊಡಗಿದಳು, ಬದುವಿನಾಚೆ ಉಳುತ್ತಿದ್ದವರಿಗೆಲ್ಲ ಕೇಳುವಹಾಗೆ.

ನಮ್ಮ ಮನೆಯವರು ನನ್ನನ್ನು ಕರೆಯಲು ಬಂದರು. ಗಂಗಕ್ಕ, "ಕಳೆ ತೆಗೆದು ಬರ್ತೀನಿ, ಅವ್ವಗ ಹೇಳ್ರಿ" ಅಂದಳು. ಕಳೆ ಮುಗಿದ ಮೇಲೆ, ತೆನೆ ಕಟ್ಟಲಿ ಅಂದಳು. ಸುಗ್ಗಿಯಾಯಿತು. ಮೆಕ್ಕೆಜೋಳದ ಜೊತೆ ತೊಗರಿಯೂ ಮನೆಗೆ ಬಂದದ್ದನ್ನು ಊರಿನ ಹಿರಿಯರೇ ನಿಂತು ನೋಡಿ, ಹೊಲ ನೀಲಮ್ಮನದೇ ಅಂದರು. ಆದರೆ ಒಬ್ಬ ಹೆಂಗಸು ಪ್ರತಿ ವರ್ಷ ಬಾಡಿಗೆ ಎತ್ತಿನಲ್ಲಿ ಎಷ್ಟು ದಿನ ಬೇಸಾಯ ಮಾಡುತ್ತಾಳೆ? ಹಾಲಪ್ಪ ಭಾವ ಒಂದು ಜೊತೆ ಎತ್ತು ಹೊಡೆದುಕೊಂಡು ಅಲ್ಲಿಗೆ ಹೋದ, ಒಂದು ವರ್ಷಕ್ಕೆ ಅಂತ. ಪಕ್ಕದ ಹೊಲ ಕೋರಿಗೆ, ಅಂದರೆ ಬೆಳೆಯ ಪಾಲಿನ ಮೇಲೆ, ಸಿಕ್ಕಿತು. ಅಲ್ಲೇ ಉಳಿದರು. ಯಾರೂ ಜಗಳವಾಡಲಿಲ್ಲ, ಯಾರೂ ಅತ್ತು ಬೀಳ್ಕೊಡಲಿಲ್ಲ. ಗಂಗಕ್ಕನ ಪೆಟ್ಟಿಗೆ ಬಂಡಿಗೆ ಹೇರಿದಾಗ ಅವಳೇ ಸಾರಥಿಯಲ್ಲಿರಲಿಲ್ಲ. ನಾನು ಒಬ್ಬಳೇ ಅಡಿಗೆಮನೆಗೆ ಬಂದು, ರೊಟ್ಟಿ ಬಡಿಯುತ್ತ, ಎದುರಿಗೆ ಮಾತಾಡಿಸಲು ತಲೆ ಎತ್ತಿದೆ. ಅತ್ತೆ ನನ್ನನ್ನು ನೋಡಿ, ಬಂದು ಎದುರಿಗೆ ಕೂತರು.

ಆಮೇಲೆ ಮದುವೆ, ತೊಟ್ಟಿಲು, ತಿಥಿಗಳಲ್ಲಿ ಗಂಗಕ್ಕ ಸಿಗುತ್ತಿದ್ದಳು. ಸುತ್ತ ಯಾವಾಗಲೂ ಜನ. "ಚೆನ್ನಾಗಿದ್ದೀಯಾ ಕಮಲಿ?" "ಹೂಂ ಅಕ್ಕ." ಅಷ್ಟಕ್ಕೆ ಯಾರೋ ಅವಳನ್ನು ಕರೆಯುತ್ತಿದ್ದರು, ಅಥವಾ ನನ್ನನ್ನು. ನಾವಿಬ್ಬರೇ ಕೂತು ಮಾತಾಡುವ ಹೊತ್ತು ಮತ್ತೆ ಬರಲಿಲ್ಲ. ಒಂದು ಸಲ ಬಂದು ನಾಕು ದಿನ ಇರು ಅಂತ ಎಷ್ಟೋ ಸಲ ಹೇಳಿದಳು. ಮಕ್ಕಳು, ದನ, ಅತ್ತೆಯ ಕಾಯಿಲೆ, ಹೋಗಲಾಗಲಿಲ್ಲ.

ಕೊನೆಯ ಸಲ ಕಂಡದ್ದು ದಾವಣಗೆರೆಯ ಬಸ್ ಸ್ಟ್ಯಾಂಡಿನಲ್ಲಿ. ಇಬ್ಬರ ತಲೆಯೂ ನರೆತಿತ್ತು. ನನ್ನ ಬಸ್ಸು ಹೊರಡುವುದರಲ್ಲಿತ್ತು. ಪಕ್ಕದ ಬಸ್ಸಿನ ಕಿಟಕಿಯಲ್ಲಿ ಅವಳು. ಇಬ್ಬರೂ ಒಟ್ಟಿಗೇ ಒಬ್ಬರನ್ನೊಬ್ಬರು ಕಂಡೆವು. ಅವಳು ಸರಳಿನ ನಡುವಿನಿಂದ ಕೈ ಚಾಚಿದಳು, ನಾನೂ ಚಾಚಿದೆ, ಎಟುಕಲಿಲ್ಲ. ಎರಡೂ ಬಸ್ಸಿನ ಇಂಜಿನ್ನುಗಳು ಗುಡುಗುತ್ತಿದ್ದವು. ಅವಳು ಏನೋ ಕೂಗಿ ಹೇಳಿ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನನಗೆ ಕೇಳಿಸಲಿಲ್ಲ. ಆದರೂ ಎಲ್ಲ ಕೇಳಿಸಿದವಳಂತೆ ಜೋರಾಗಿ ತಲೆಯಾಡಿಸಿ, "ಹೂಂ ಅಕ್ಕ, ಹೂಂ" ಅಂದೆ. ಬಸ್ಸು ತಿರುಗಿತು.